ಅರವತ್ತು ಎಂ.ಎಲ್. ನಿದ್ದೆ

ಮುನೀಂದ್ರನಿಗೆ ಅಂದು ನಿದ್ದೆ ಚೆನ್ನಾಗಿ ಬಂದದ್ದೇ ತಪ್ಪಾಯಿತು. ಮೊದಲಿನಂತೆ ನಾಲ್ಕೂವರೆಗೇ ಎಚ್ಚರವಾಗಿ ಸೂರು ನೋಡುತ್ತ ಬಿದ್ದಿದ್ದರೆ, ಕಿಟಕಿಕಟ್ಟೆಯ ಮೇಲಿದ್ದ ಕಂದು ಬಾಟಲಿಯನ್ನು ಯಾರು ಎತ್ತಿಕೊಂಡು ಹೋದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಆದರೆ ಅವನು ಏಳೂವರೆಯವರೆಗೆ ಎಳೆಮಗುವಿನ ಹಾಗೆ ಮಲಗಿದ್ದ. ಎದ್ದು ನೋಡಿದರೆ ಬಾಟಲಿ ಇದ್ದ ಜಾಗದಲ್ಲಿ ಗುಂಡಗಿನ ಅಂಟು ಗುರುತೊಂದು ಮಾತ್ರ ಉಳಿದಿತ್ತು.

ಐವತ್ತೊಂದು ವರ್ಷದ ಮುನೀಂದ್ರ ಲಿಂಗರಾಜಪುರದ ಮೆಡಿಕಲ್ ಶಾಪೊಂದರಲ್ಲಿ ಫಾರ್ಮಸಿಸ್ಟ್. ವಾಸ ಅದೇ ರಸ್ತೆಯಲ್ಲಿ, ಆದಿಲಕ್ಷ್ಮಿಯ ಮನೆಯ ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ. ಡಾಕ್ಟರ ಚೀಟಿ ನೋಡಿ ಊರಿಗೆಲ್ಲ ನಿದ್ದೆ ಮಾತ್ರೆ ಕೊಡುವ ಈ ಮನುಷ್ಯನಿಗೆ, ಹೆಂಡತಿ ಯಮುನಾ ತೀರಿಕೊಂಡ ಮೇಲೆ ನಾಲ್ಕು ವರ್ಷ ನಿದ್ದೆಯೇ ಇರಲಿಲ್ಲ. ಮಾತ್ರೆಗಳ ಗುಣ ಬಲ್ಲವನಾದ್ದರಿಂದ ಅವನ್ನು ಮುಟ್ಟುವ ಧೈರ್ಯವೂ ಇರಲಿಲ್ಲ. ಹೀಗಿರುವಾಗ ಪೇಪರಿನಲ್ಲಿ ಪ್ರಕಟಣೆಯೊಂದು ಕಂಡಿತು: ಕೆ.ಆರ್. ಪುರದ ಆಚೆಯ ಫಾರ್ಮಸಿ ಕಾಲೇಜಿನಲ್ಲಿ ಒಂದೆಲಗದ ಕಷಾಯದ ಮೇಲೆ ಸಂಶೋಧನೆ, ನಿದ್ದೆ ಬಾರದವರು ಬೇಕಾಗಿದ್ದಾರೆ. ತಾನು ಯಾರಿಗಾದರೂ ಬೇಕಾಗಿದ್ದೇನೆ ಎಂದು ಅವನು ಓದಿ ಬಹಳ ಕಾಲವಾಗಿತ್ತು. ಹೋಗಿ ಹೆಸರು ಕೊಟ್ಟ.

ಅರ್ಧ ಜನಕ್ಕೆ ನಿಜವಾದ ಕಷಾಯ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಅದೇ ರುಚಿಯ, ಔಷಧಿಯಿಲ್ಲದ ಬರೀ ನೀರು. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರಲಿಲ್ಲ. ತನ್ನದು ಅಸಲಿ ಎಂಬುದರಲ್ಲಿ ಮುನೀಂದ್ರನಿಗೆ ಮಾತ್ರ ಅನುಮಾನವಿರಲಿಲ್ಲ, ಏಕೆಂದರೆ ಮೂರನೇ ದಿನದಿಂದಲೇ ನಿದ್ದೆ ಬಂದು ಅಪ್ಪಿಕೊಂಡಿತ್ತು.

ನಿಜ ಹೇಳಬೇಕೆಂದರೆ ನಿದ್ದೆಗಿಂತ ಅವನಿಗೆ ಹೆಚ್ಚಾದದ್ದು ಒಂಬತ್ತು ಗಂಟೆಯ ಫೋನು. ದಿನವೂ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಕಾಲೇಜಿನ ಸಂಶೋಧನಾ ಸಹಾಯಕಿ ಹೇಮಶ್ರೀ ಫೋನು ಮಾಡಿ ಮೂರು ಪ್ರಶ್ನೆ ಕೇಳುತ್ತಿದ್ದಳು. "ಔಷಧಿ ತಗೊಂಡ್ರಾ ಸಾರ್? ನಿನ್ನೆ ನಿದ್ದೆ ಬಂತಾ? ಇವತ್ತು ಏನ್ ಊಟ ಮಾಡಿದ್ರಿ?" ಮೂರನೆಯದಕ್ಕೆ ಹೇಳಲು ಏನಾದರೂ ಇರಲಿ ಎಂದೇ ಮುನೀಂದ್ರ ಹೋಟೆಲಿನ ಮೊಸರನ್ನ ಬಿಟ್ಟು ಸೊಪ್ಪು ತಂದು ಅಡಿಗೆ ಮಾಡತೊಡಗಿದ. ಒಮ್ಮೆ ಬಸ್ಸಾರಿನ ವಿಷಯ ಬಂದು ಮಾತು ಹನ್ನೊಂದು ನಿಮಿಷ ನಡೆದಿತ್ತು. ಆ ಮಗಳ ವಯಸ್ಸಿನ ಹುಡುಗಿಯ ಹೊರತು ಈ ಬೆಂಗಳೂರಿನಲ್ಲಿ ಅವನ ಊಟ ವಿಚಾರಿಸುವವರು ಯಾರೂ ಇರಲಿಲ್ಲ.

ಹಿಂದಿನ ರಾತ್ರಿ ಅವಳು ಹೇಳಿದ್ದಳು: "ನಾಳೆ ನಾಲ್ಕು ಗಂಟೆ ಒಳಗೆ ಬಾಟ್ಲಿ ವಾಪಸ್ ತರ್ಬೇಕು ಸಾರ್. ಲೆಕ್ಕದ ಪ್ರಕಾರ ಅರವತ್ತು ಎಂ.ಎಲ್. ಉಳಿದಿರ್ಬೇಕು, ಅದನ್ನ ಲ್ಯಾಬಲ್ಲಿ ಟೆಸ್ಟ್ ಮಾಡ್ತಾರೆ. ಎಲ್ಲ ಸರಿ ಇದ್ರೆ ನಿಮ್ಮನ್ನ ಸೆಕೆಂಡ್ ಫೇಸ್‌ಗೆ ತಗೋತಾರೆ, ಇನ್ನೂ ಆರು ತಿಂಗಳು. ಬೇರೆಯವ್ರಿಗೆ ಕೊಟ್ಟಿದೀರ ಅಂತ ಗೊತ್ತಾದ್ರೆ ಅಲ್ಲಿಗೇ ಕ್ಯಾನ್ಸಲ್."

ಆರು ತಿಂಗಳು ಅಂದರೆ ನೂರ ಎಂಬತ್ತು ಫೋನು. ಮರೆಯದಿರಲಿ ಎಂದೇ ಅವನು ಬಾಟಲಿಯನ್ನು ಕಿಟಕಿಕಟ್ಟೆಯ ಮೇಲಿಟ್ಟು ಮಲಗಿದ್ದು.

ಮೆಟ್ಟಿಲಿಳಿದು ಓಡಿದಾಗ ಆದಿಲಕ್ಷ್ಮಿ ಬಾಗಿಲಲ್ಲೇ ಬೆರಳು ತುಟಿಯ ಮೇಲಿಟ್ಟುಕೊಂಡು ನಿಂತಿದ್ದಳು. "ಶ್, ಮೆಲ್ಲಗ್ರೀ. ನಮ್ಮತ್ತೆ ಮಲಗವ್ರೆ. ರಾತ್ರಿಯೆಲ್ಲ ಕಾಲ್ನೋವು ಅಂತ ಒದ್ದಾಡ್ತಿದ್ರು. ಬೆಳಗ್ಗೆ ಬಟ್ಟೆ ಒಣಗ್ಹಾಕಕ್ಕೆ ಬಂದೆ, ನಿಮ್ ಕಿಟಕೀಲಿ ಕಷಾಯ ಇತ್ತು. ಎರಡು ಚಮಚ ಹಾಕ್ದೆ. ನೋಡಿ, ಮಲಗ್ಬಿಟ್ರು."

ಆ ಅತ್ತೆ ಮಾನಮ್ಮನಿಗೆ ಬಿ.ಪಿ. ಮಾತ್ರೆ ಕೊಡುತ್ತಿದ್ದವನು ಮುನೀಂದ್ರನೇ. ಅದರ ಜೊತೆ ಈ ಕಷಾಯ ಸೇರಿ ಏನಾಯಿತೋ ಎಂದು ಒಳಗಿಣುಕಿ ನೋಡಿದ. ಮುದುಕಿಯ ಗೊರಕೆ ರಸ್ತೆಗೆ ಕೇಳುವಷ್ಟು ಆರೋಗ್ಯವಾಗಿತ್ತು. ಉಸಿರು ಬಿಟ್ಟು, "ಏನು ಅಂತ ಗೊತ್ತಿಲ್ದೆ ಕುಡಿಸ್ಬಿಡೋದಾ?" ಎಂದ.

"ಮೆಡಿಕಲ್ ಶಾಪ್‌ನೋರು ನೀವು ಕೆಟ್ಟದ್ದು ಇಟ್ಕೋತೀರಾ?"

"ಬಾಟ್ಲಿ ಎಲ್ಲಿ?"

"ಬೇಕರಿ ತೌಹೀದಂಗೆ ಕೊಟ್ಟೆ. ಪಾಪ, ರಾತ್ರಿಯೆಲ್ಲ ಒಲೆ ಮುಂದೆ ನಿಂತು ಹಗಲು ನಿದ್ದೆ ಬರಲ್ಲ ಅಂತ ಅಳ್ತಿದ್ದ."

ಬೇಕರಿಯಲ್ಲಿ ತೌಹೀದ್ ಮೈದಾ ಮೂಟೆಗಳ ಮೇಲೆ ಅಂಗಾತ ಮಲಗಿದ್ದ. ಬಾಟಲಿ ಅವನ ಎದೆಯ ಮೇಲಿತ್ತು, ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು. ಮೂರು ಸಲ ಅಲುಗಾಡಿಸಿದ ಮೇಲೆ ಕಣ್ಣು ಬಿಟ್ಟ. "ಅರೆ ಮುನೀಂದ್ರ ಭಾಯ್, ಏನು ಚೀಜ್ ಇದು. ಕುಡ್ದೆ, ಅಲ್ಲೇ ಬಿದ್ದೆ. ಇನ್ನೊಂದು ಬಾಟ್ಲಿ ಸಿಗ್ತದಾ?"

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಮುನೀಂದ್ರ ಮೂಟೆಯ ಅಂಚಿನಲ್ಲಿ ಕುಸಿದು ಕುಳಿತು ಎಲ್ಲ ಹೇಳಿದ, ಫೋನಿನ ವಿಷಯವೊಂದನ್ನು ಬಿಟ್ಟು. ಕೇಳಿದ ತೌಹೀದನ ನಿದ್ದೆ ಹಾರಿತು. "ಅದಕ್ಕೇನು, ನಾವೇ ಮಾಡೋಣ. ಒಲೆ ಇದೆ, ಬೆಲ್ಲ ಇದೆ."

ಔಷಧ ಕಲಬೆರಕೆ ಮಾಡುವವರನ್ನು ಮೂವತ್ತು ವರ್ಷ ಬೈದ ಮುನೀಂದ್ರ ಅಂದು ತಾನೇ ಸೌಟು ಹಿಡಿದ. ಉಳಿದಿದ್ದ ಕಷಾಯದ ಹನಿಯೊಂದನ್ನು ನಾಲಿಗೆಗೆ ಹಚ್ಚಿಕೊಂಡು ಯೋಚಿಸಿದ. ಮೊದಲು ಸಿಹಿ, ಹಿಂದಿನಿಂದ ಕಹಿ. ಬೆಲ್ಲ ಕರಗಿಸಿ ಮೆಂತ್ಯ ಹಾಕಿ ಕುದಿಸಿದರು. ಅಷ್ಟರಲ್ಲಿ ಆದಿಲಕ್ಷ್ಮಿಯೂ ಬಂದು ಸೇರಿಕೊಂಡಳು.

"ಕಹಿ ಸಾಲ್ದು. ಬೆಳಗ್ಗೆ ನಾನೂ ಒಂಚೂರು ನೆಕ್ಕಿ ನೋಡಿದ್ನಲ್ಲ," ಎಂದಳು.

"ನನ್ಗೆ ಸರಿ ಇದೆ ಅನ್ಸುತ್ತೆ," ಎಂದ ತೌಹೀದ್. "ಏಲಕ್ಕಿ ಹಾಕಿದ್ರೆ ಫಸ್ಟ್‌ಕ್ಲಾಸ್ ಆಗ್ತದೆ."

"ಏಲಕ್ಕಿ ಬೇಡ," ಎಂದು ಮುನೀಂದ್ರ ಅವನ ಕೈ ಹಿಡಿದುಕೊಂಡ. ಸೋಸಿ ಆರಿಸಿ, ಅಂಗಡಿಯಿಂದ ತಂದ ಅಳತೆಲೋಟದಲ್ಲಿ ಅಳೆದು ಬಾಟಲಿಗೆ ತುಂಬಿದಾಗ ಹನ್ನೊಂದು ದಾಟಿತ್ತು.

ಅಂಗಡಿಯ ಮುಂದೆ ಆಗಲೇ ಜನ ನಿಂತಿದ್ದರು. ಒಬ್ಬನಿಗೆ ಹೆಸರು ಗೊತ್ತಿಲ್ಲದ ಹಳದಿ ಮಾತ್ರೆ ಬೇಕಿತ್ತು. ಇನ್ನೊಬ್ಬಳಿಗೆ ಕೆಮ್ಮಿನ ಸಿರಪ್ಪು, ಆದರೆ ಮಗು ಉಗುಳದಂಥದು. ಆಮೇಲೆ ನಿದ್ದೆ ಮುಗಿಸಿದ ಮಾನಮ್ಮ ಕೋಲೂರಿಕೊಂಡು ಬಂದಳು. ಅವಳು ದಿನವೂ ಬರುವವಳೇ.

"ಈ ಮಾತ್ರೆ ಹೆಂಗೆ ತಗೋಬೇಕಪ್ಪ?"

ಮುನೀಂದ್ರ ತಲೆ ಎತ್ತದೆ ದಿನದ ಪಾಠ ಒಪ್ಪಿಸಿದ. "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ. ಕವರ್ ಮೇಲೆ ಬರ್ದಿದೀನಲ್ಲಮ್ಮ, ದಿನಾ ಯಾಕ್ ಕೇಳ್ತೀರಾ?"

"ಕೇಳಿದ್ರೆ ನೀನು ಮಾತಾಡ್ತೀಯಲ್ಲ, ಅದಕ್ಕೆ," ಎಂದಳು ಮಾನಮ್ಮ. ಅವನು ಅದಾಗಲೇ ಮುಂದಿನವರ ಚೀಟಿ ಓದುತ್ತಿದ್ದ.

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದ. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತಿತು. ಮುಚ್ಚಳದ ಸಂದಿಯಿಂದ ಒಸರಿದ ಬೆಲ್ಲಕ್ಕೆ ನೊಣ ಮುತ್ತಿದವು. ಪಕ್ಕದವನು ನೊಣಗಳನ್ನೂ ಬಾಟಲಿಯನ್ನೂ ನೋಡಿ, "ಶುಗರ್ ಟೆಸ್ಟಿಗಾ ಸಾರ್? ಜಾಸ್ತಿನೇ ಇರೋ ಹಾಗಿದೆ," ಎಂದು ಕನಿಕರದಿಂದ ಸರಿದು ಕುಳಿತ. ಮುನೀಂದ್ರ ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡು, ನಾಲ್ಕಕ್ಕೆ ಐದು ನಿಮಿಷವಿರುವಾಗ ಲ್ಯಾಬಿನ ಬಾಗಿಲು ತಲುಪಿದ.

ನಲವತ್ತು ದಿನ ಬರೀ ದನಿಯಾಗಿದ್ದ ಹೇಮಶ್ರೀ ಬಿಳಿ ಕೋಟಿನಲ್ಲಿ ನಕ್ಕು ಬಾಟಲಿ ಇಸಿದುಕೊಂಡಳು. ಅಳತೆ ಐವತ್ತೆಂಟು ಬಂತು. "ಎರಡು ಎಂ.ಎಲ್. ಆಚೀಚೆ ಪರವಾಗಿಲ್ಲ ಸಾರ್," ಎಂದಳು. ಮುಖ್ಯಸ್ಥರಾದ ಡಾಕ್ಟರ್ ಸುಗತ ಒಂದು ಗಾಜಿನ ಪಟ್ಟಿಯ ಮೇಲೆ ಅಸಲಿ ಕಷಾಯದ ಚುಕ್ಕೆಯನ್ನೂ ಅದರ ಪಕ್ಕಕ್ಕೆ ಮುನೀಂದ್ರನ ಬಾಟಲಿಯ ಚುಕ್ಕೆಯನ್ನೂ ಇಟ್ಟರು. ಪಟ್ಟಿಯ ತುದಿಯನ್ನು ದ್ರಾವಣದಲ್ಲಿ ಅದ್ದಿಟ್ಟು, ಅರ್ಧ ಗಂಟೆ ಕಳೆದು ಚುಕ್ಕೆಗಳು ಸಾಲಾಗಿ ಮೇಲೇರಿದ ಮೇಲೆ ಅದನ್ನು ನೇರಳೆ ದೀಪದ ಕೆಳಗೆ ಹಿಡಿದರು. ಅಸಲಿಯ ಸಾಲಿನಲ್ಲಿ ಎಲೆಯ ಸಾರ ಮೂರು ಕಡೆ ಹೊಳೆಯಿತು. ಮುನೀಂದ್ರನ ಸಾಲು ಖಾಲಿ ಹಲಗೆಯಂತಿತ್ತು.

"ಇದರಲ್ಲಿ ಒಂದೆಲಗ ಇಲ್ವೇ ಇಲ್ಲ," ಎಂದರು ಸುಗತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮುನೀಂದ್ರ ಎದ್ದು ನಿಂತ. ನೂರ ಎಂಬತ್ತು ಫೋನುಗಳು ಒಮ್ಮೆಲೇ ಕಟ್ಟಾದಂತಾಯಿತು. "ಸಾರ್, ನನ್ನಿಂದ ಒಂದು ತಪ್ಪಾಯ್ತು..."

"ನಿಮ್ಮದೇನ್ರೀ ತಪ್ಪು? ಕೂತ್ಕೊಳ್ಳಿ." ಯಾರಿಗೆ ಯಾವುದು ಎಂಬ ಪಟ್ಟಿಯನ್ನು ಸುಗತ ಆಗಲೇ ಒಡೆದಿದ್ದ ಲಕೋಟೆಯಿಂದ ತೆಗೆದು ನೋಡಿದರು. "ನಿಮ್ಮ ನಂಬರ್ ಇಪ್ಪತ್ತೇಳು. ನೀವು ಬಿ ಗುಂಪು. ನಿಮಗೆ ಕೊಟ್ಟಿದ್ದೇ ಬೆಲ್ಲ, ಮೆಂತ್ಯದ ನೀರು. ಟೆಸ್ಟು ಸರಿಯಾಗೇ ಇದೆ."

ಮುನೀಂದ್ರ ಕುಳಿತ. ನಾಲ್ಕು ವರ್ಷದ ನಿದ್ದೆಗೇಡು ಬೆಲ್ಲದ ನೀರಿಗೆ ವಾಸಿಯಾಗಿತ್ತು. ಮಾನಮ್ಮನ ಗೊರಕೆಯೂ ತೌಹೀದನ ಮೈದಾ ಮೂಟೆಯೂ ಕಣ್ಮುಂದೆ ಬಂದವು. "ಹಾಗಾದ್ರೆ ನನಗೆ ನಿದ್ದೆ ಹೇಗೆ ಬಂತು ಸಾರ್?"

"ಅದೇ ನಮ್ಮ ತಲೆನೋವು. ಎಲೆ ಕುಡಿದವ್ರೂ ಮಲಗಿದಾರೆ, ಬೆಲ್ಲ ಕುಡಿದವ್ರೂ ಮಲಗಿದಾರೆ, ಸರಿಸಮ. ಏನು ಕಾಮನ್ ಅಂತ ಹುಡುಕಿದ್ವಿ. ಎಲ್ರಿಗೂ ಹೋಗ್ತಿದ್ದ ಆ ಒಂಬತ್ತು ಗಂಟೆ ಫೋನು. ಮೂರು ಪ್ರಶ್ನೆ ಕೇಳಿ ಇಡಿ ಅಂದ್ರೆ, ಒಬ್ರ ಹತ್ರ ಹನ್ನೊಂದು ನಿಮಿಷ ಬಸ್ಸಾರಿನ ಮಾತಾಗಿದೆ."

ಹೇಮಶ್ರೀ ನೆಲ ನೋಡಿದಳು. ಮುನೀಂದ್ರ ಗಾಜಿನ ಪಟ್ಟಿ ನೋಡಿದ.

"ನೀವೇನೂ ಯೋಚನೆ ಮಾಡ್ಬೇಡಿ," ಎಂದರು ಸುಗತ. "ನೀವು ಸೆಕೆಂಡ್ ಫೇಸ್‌ಗೆ ಸೆಲೆಕ್ಟ್ ಆಗಿದೀರಿ. ಆ ತೊಂದ್ರೇನೂ ಸರಿ ಮಾಡಿದೀವಿ."

ಏನು ಸರಿ ಮಾಡಿದ್ದಾರೆಂದು ಕೇಳುವ ಮೊದಲೇ ಹನ್ನೆರಡು ಬಾಟಲಿಗಳ ರಟ್ಟಿನ ಪೆಟ್ಟಿಗೆ ಅವನ ಕೈಸೇರಿತ್ತು. ಬಾಗಿಲಲ್ಲಿ ಹೇಮಶ್ರೀ ಏನೋ ಹೇಳಲು ಬಾಯಿ ತೆರೆದು, ಸುಗತರತ್ತ ನೋಡಿ, ಪೆಟ್ಟಿಗೆಗೆ ಇನ್ನೊಂದು ಸುತ್ತು ದಾರ ಕಟ್ಟಿಕೊಟ್ಟಳು.

ಮನೆಯಲ್ಲಿ ಆದಿಲಕ್ಷ್ಮಿ ಪೆಟ್ಟಿಗೆ ಕಂಡು ಹಿಗ್ಗಿದಳು. ಮುನೀಂದ್ರನಿಗೂ ಗೆದ್ದ ಖುಷಿ. ಮೆಂತ್ಯಸೊಪ್ಪು ತಂದು ಸಾರು ಮಾಡಿದ. ಬಸ್ಸಿನ ನೊಣಗಳ ಕತೆಯನ್ನು ಎಲ್ಲಿಂದ ಶುರುಮಾಡುವುದೆಂದು ಯೋಚಿಸಿಟ್ಟುಕೊಂಡು, ಮೊಬೈಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕುಳಿತ.

ಒಂಬತ್ತಕ್ಕೆ ಸರಿಯಾಗಿ ಫೋನು ಬಂತು.

"ನಮಸ್ಕಾರ. ನಾನು ಹೇಮಶ್ರೀ. ಇಂದು ಏನು ಊಟ ಮಾಡಿದಿರಿ?"

"ಮೆಂತ್ಯಸೊಪ್ಪಿನ ಸಾರು ಕಣಮ್ಮ," ಎಂದು ಮುನೀಂದ್ರ ಹುರುಪಿನಿಂದ ಶುರುಮಾಡಿದ. "ಇವತ್ತು ಬಸ್ಸಲ್ಲಿ ಏನಾಯ್ತು ಗೊತ್ತಾ..."

"ಅನ್ನವಾದರೆ ಒಂದು ಒತ್ತಿ. ಮುದ್ದೆಯಾದರೆ ಎರಡು ಒತ್ತಿ. ಚಪಾತಿಯಾದರೆ ಮೂರು ಒತ್ತಿ."

ದನಿ ಹೇಮಶ್ರೀಯದೇ. ಎಲ್ಲರಿಗೂ ಒಂದೇ ಮಾತು, ಒಂದೇ ಅಳತೆ ಇರಲೆಂದು ಅವಳಿಂದ ಒಮ್ಮೆಗೇ ಹೇಳಿಸಿ ರೆಕಾರ್ಡ್ ಮಾಡಿಟ್ಟಿದ್ದರು.

"ಹೇಮಶ್ರೀ?" ಎಂದ ಮುನೀಂದ್ರ.

"ಕ್ಷಮಿಸಿ, ಇದು ಸರಿಯಾದ ಆಯ್ಕೆಯಲ್ಲ. ಮತ್ತೊಮ್ಮೆ ಕೇಳಲು ಒಂಬತ್ತು ಒತ್ತಿ."

ಸಾರು ಆರುತ್ತಿತ್ತು. ಮುನೀಂದ್ರ ತಟ್ಟೆ ಸರಿಸಿ, ಒಂಬತ್ತು ಒತ್ತಿದ.