ಮಿಕ್ಕ ಹನಿ ಯಾರದ್ದು?

ನನ್ನ ಹೆಂಡತಿಯ ಪ್ರಕಾರ ನಾನು ಕಾಜಾ ಹಾಕುವುದಕ್ಕೆ ಮಾತ್ರ ಲಾಯಕ್ಕಾದ ಪ್ರಾಣಿ. ಮೂವತ್ತು ವರ್ಷ ಊರಿನ ಗಣ್ಯರ ಸೊಂಟಗಳನ್ನೆಲ್ಲ ಒಂದು ಟೇಪಿನಲ್ಲಿ ಬಂಧಿಸಿದ ವೀರನಿಗೆ ಮನೆಯಲ್ಲಿ ಸಿಕ್ಕ ಬಿರುದು ಇದು! ಆದ್ದರಿಂದ ವಂಶವಾಹಿ ಸಂಶೋಧನಾಲಯದ ನೀತಿ ಸಮಿತಿಗೆ ನನ್ನನ್ನು ಸದಸ್ಯನಾಗಿ ಆರಿಸಿದ್ದಾರೆಂಬ ಪತ್ರ ಬಂದಾಗ, ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ.

"ನಿಮ್ಮನ್ನೇ ಯಾಕಂತೆ?"

"ಜನರ ಪ್ರತಿನಿಧಿ ಕಣೇ. ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ನಾನು ಹೇಳ್ಬೇಕು."

ಅವಳು ಪತ್ರ ಕಸಿದುಕೊಂಡು ಕೆಳಗಿನ ಸಾಲಿಗೆ ಬೆರಳಿಟ್ಟಳು. "'ವಿಜ್ಞಾನದ ಪರಿಚಯವಿಲ್ಲದ ಒಬ್ಬರು ಸಮಿತಿಯಲ್ಲಿ ಇರತಕ್ಕದ್ದು.' ಓಹೋ! ಸರಿಯಾದವರನ್ನೇ ಹುಡುಕಿದ್ದಾರೆ ಬಿಡಿ."

ಸಮಿತಿಯ ಅಧ್ಯಕ್ಷೆ ಡಾಕ್ಟರಮ್ಮ ನನ್ನ ಹಳೆಯ ಗಿರಾಕಿ. (ಅವರ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಇಳಿಜಾರು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಗಿರಾಕಿಯ ಅಳತೆ ಪರಮ ರಹಸ್ಯ.) ಮೊದಲ ಸಭೆಗೆ ಮುನ್ನ ಅವರೇ ನನ್ನನ್ನು ಪ್ರಯೋಗಾಲಯದೊಳಗೆ ಕರೆದೊಯ್ದರು. ಪರದೆಯ ಮೇಲೆ ನಾಲ್ಕೇ ನಾಲ್ಕು ಅಕ್ಷರಗಳು ಹಿಂದೆ ಮುಂದೆ ಕೂತು ಸಾಲುಗಟ್ಟಿ ಓಡುತ್ತಿದ್ದವು.

"ಇಂಥ ಮುನ್ನೂರು ಕೋಟಿ ಅಕ್ಷರ ಸೇರಿದ್ರೆ ಒಬ್ಬ ಮನುಷ್ಯ. ಒಂದು ಹನಿ ರಕ್ತದಲ್ಲಿ ಎಲ್ಲಾ ಇದೆ" ಎಂದರು.

ನಾನು ಒಂದು ಕೋಟು ಹೊಲಿಯಲು ಹದಿನಾಲ್ಕು ಅಳತೆ ತೆಗೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೂರು ಸಲ ತೊಡಿಸಿ ನೋಡಿದರೂ ಕಂಕುಳಲ್ಲಿ ಬಿಗಿಯಾಗುತ್ತದೆ. ಇಲ್ಲಿ ನೋಡಿದರೆ ಟೇಪಿಲ್ಲ, ಸೀಮೆಸುಣ್ಣವಿಲ್ಲ. ಮೂಗು, ಕಿವಿ, ಉಗುರು, ಎಲ್ಲವೂ ಕಣ್ಣಿಗೆ ಕಾಣದ ಬಟ್ಟೆಯಲ್ಲಿ ಮೊದಲೇ ಗುರುತಾಗಿವೆ! ಆ ಬರಹವನ್ನು ಬೇಕಾದ ಕಡೆ ಕತ್ತರಿಸಿ ಜೋಡಿಸುವ ಕತ್ತರಿಯೂ ಬಂದಿದೆಯಂತೆ. ಕತ್ತರಿ ಒಂದೆಳೆ ತಪ್ಪಿದರೆ ಏನಾಗುತ್ತದೆಂದು ಬಲ್ಲ ನಾನು ನನಗರಿವಿಲ್ಲದೆ ಚಪ್ಪಲಿ ಬಿಟ್ಟು ನಿಂತಿದ್ದೆ.

ಅಂದಿನ ಸಭೆಯ ವಿಷಯ ಒಂದೇ. ಪಕ್ಕದ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಕಾಯಿಲೆಗಳನ್ನು ಪರೀಕ್ಷಿಸುತ್ತಾರೆ. ಮಿಕ್ಕ ಹನಿ ಕಾಗದದ ಮೇಲೆ ಒಣಗಿ ಕಪಾಟು ಸೇರುತ್ತದೆ. ಅದನ್ನು ಮುಂದಿನ ಯಾವ ಸಂಶೋಧನೆಗಾದರೂ ಹೆತ್ತವರನ್ನು ಕೇಳದೆ ಬಳಸಬಹುದೇ?

"ಮಿಕ್ಕಿದ್ದು ತಾನೇ? ಇಷ್ಟು ವರ್ಷದಲ್ಲಿ ಯಾರೂ ವಾಪಸ್ ಕೇಳಿಲ್ಲ" ಎಂದರು ಕಾರ್ಯದರ್ಶಿಗಳು.

ಹಾವಿನ ಹೆಜ್ಜೆ ಹಾವೇ ಬಲ್ಲದು. ಬಟ್ಟೆ ಮಿಕ್ಕಾಗಲೆಲ್ಲ ನಾನು ನನಗೆ ಹೇಳಿಕೊಳ್ಳುವ ಮಾತು ಅಕ್ಷರಶಃ ಇದೇ. ಆದರೆ ಆ ಕಪಾಟಿನಲ್ಲಿ ಇಪ್ಪತ್ತು ದಿನದ ನನ್ನ ಮೊಮ್ಮಗಳ ಹನಿಯೂ ಇತ್ತು. ಇನ್ನೂ ಕತ್ತು ನಿಲ್ಲದ ಕೂಸಿನ ಮುನ್ನೂರು ಕೋಟಿ ಅಕ್ಷರ ನಾಳೆ ಯಾರ ಕೈ ಸೇರಿ ಏನಾದೀತು? ಎದ್ದು ನಿಂತೆ.

"ನಮ್ಮ ಮೊಮ್ಮಗಳದ್ದೂ ಅಲ್ಲಿದೆ, ಮೊದಲೇ ಹೇಳ್ಬಿಡ್ತೀನಿ. ಜನ ಕೇಳೋದಿಲ್ಲ ಸ್ವಾಮಿ, ನಿಜ. ಯಾಕಂದ್ರೆ ಮಿಕ್ಕಿದೆ ಅಂತ ನೀವು ಹೇಳೋದೇ ಇಲ್ಲ!"

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ಒಂದು ಗಂಟೆಯ ವಾದವಾದ ಮೇಲೆ ನಿಯಮ ಆಯಿತು: ಮಿಕ್ಕ ಹನಿಯನ್ನು ಬಳಸುವ ಮುನ್ನ ಹೆತ್ತವರ ಒಪ್ಪಿಗೆ ಪಡೆಯತಕ್ಕದ್ದು. ನಾನು ಹುಮ್ಮಸ್ಸಿನಲ್ಲಿ ಇನ್ನೂ ಒಂದು ಸಾಲು ಸೇರಿಸಿದೆ: ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದಕ್ಕೆ ಪಡೆಯಬಹುದು, ಆಗ ವಸ್ತುವನ್ನು ತಕ್ಷಣ ಬಳಕೆಯಿಂದ ತೆಗೆಯತಕ್ಕದ್ದು.

ಮುಂದಿನ ಭಾನುವಾರ ಡಾಕ್ಟರಮ್ಮ ಮಗು ನೋಡಲು ಮನೆಗೇ ಬಂದರು. "ನಿಮ್ಮ ಯಜಮಾನರು ನಮ್ಮ ಕಣ್ಣು ತೆರೆಸಿದ್ರು" ಎಂದು ಹೊಸ ನಿಯಮದ ಕಥೆ ಹೇಳಿದಾಗ ನನ್ನ ಹೆಂಡತಿ ನನ್ನನ್ನು ನೋಡಿದ ನೋಟವಿದೆಯಲ್ಲ, ಮದುವೆಯ ದಿನವೂ ಹಾಗೆ ನೋಡಿರಲಿಲ್ಲ.

ಆಮೇಲೆ ಅವರು ತೊಟ್ಟಿಲಿಗೆ ಬಗ್ಗಿದರು. ಮಗು ನಾನೇ ಹೊಲಿದ ತುಂಡುಬಟ್ಟೆಯ ಹೊದಿಕೆಯಡಿ ಮುಷ್ಟಿ ಕಟ್ಟಿ ನಿದ್ರಿಸುತ್ತಿತ್ತು.

"ಎಷ್ಟು ಚೆನ್ನಾಗಿದೆ! ಈ ನೇರಳೆ ಬಣ್ಣ…" ಡಾಕ್ಟರಮ್ಮನ ಬೆರಳು ನಿಂತಿತು. "ಇದು ನನ್ನ ಕೋಟಿನ ಬಟ್ಟೆ ಅಲ್ವಾ?"

"ಅದು… ಮಿಕ್ಕಿದ್ದು."

"ಈ ಬೂದು ಪಟ್ಟೆ ನಮ್ಮ ಕಾರ್ಯದರ್ಶಿಗಳ ಪ್ಯಾಂಟು!" ಅವರು ಪರದೆಯ ಮೇಲೆ ಅಕ್ಷರ ಓದುವಂತೆ ಹೊದಿಕೆಯನ್ನು ಸಾಲುಸಾಲಾಗಿ ಓದತೊಡಗಿದರು. ಒಟ್ಟು ಇಪ್ಪತ್ತೇಳು ತುಂಡು. ಊರಿನ ಅರ್ಧ ಚರಿತ್ರೆ ಅಲ್ಲಿತ್ತು. "ಒಪ್ಪಿಗೆ ಪತ್ರಗಳು ಎಲ್ಲಿವೆ, ಸದಸ್ಯರೇ?" ಎಂದು ನಕ್ಕರು.

ನಾನೂ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಬಗ್ಗಿ ನೋಡಿದಳು.

"ರೀ. ಈ ಹಸಿರು ಉಣ್ಣೆ ಯಾರದ್ದು?"

ನಾನು ಮಗುವಿನ ಕಾಲ ಬಳಿ ಹೊದಿಕೆ ಸರಿಪಡಿಸಿದೆ.

"ಬಟ್ಟೆ ಸಾಲ್ಲಿಲ್ಲ ಅಂತ ನನ್ನ ಕೋಟಿಗೆ ಮುಕ್ಕಾಲು ತೋಳು ಇಟ್ರಲ್ಲ! ಇಪ್ಪತ್ತೆರಡು ವರ್ಷ ಚಳೀಲಿ ಮುಂಗೈ ಮರಗಟ್ಟಿಸ್ಕೊಂಡು ಓಡಾಡಿದ್ದೀನಿ!"

"ಆಗ ಫ್ಯಾಷನ್ನು ಹಾಗಿತ್ತು ಕಣೇ…"

"ಡಾಕ್ಟರಮ್ಮ, ಆ ನಿಯಮ ಏನು ಅಂದ್ರಿ? ನಿಧಾನವಾಗಿ ಇನ್ನೊಂದ್ಸಲ ಹೇಳಿ."

ಡಾಕ್ಟರಮ್ಮ ಪೂರ್ತಿ ಹೇಳಿದರು. ನಾನು ಸೇರಿಸಿದ ಸಾಲನ್ನು ಎರಡು ಸಲ ಹೇಳಿದರು.

ವಾರವಿಡೀ ಮನೆಮನೆ ಅಲೆದು ಇಪ್ಪತ್ತಾರು ಸಹಿ ತಂದೆ. ನಗಾಡಿದರು, ಆದರೆ ಹಾಕಿದರು. ಇಪ್ಪತ್ತೇಳನೆಯವಳು ಪತ್ರಕ್ಕೆ ಬೆಳಿಗ್ಗೆ ಸಹಿ ಹಾಕುತ್ತಾಳೆ. ಸಂಜೆ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಹಿಂದಕ್ಕೆ ಪಡೆದಿರುತ್ತಾಳೆ. ಕಾರಣ ಕೇಳುವ ಹಾಗಿಲ್ಲ. ಸೂಜಿ ಹಿಡಿದು ತೊಟ್ಟಿಲ ಪಕ್ಕ ಕೂತು ಹಸಿರು ತುಂಡನ್ನು ಬಿಚ್ಚುತ್ತೇನೆ. ಮರುದಿನ ಬೆಳಿಗ್ಗೆ ಮತ್ತೆ ಹೊಲಿಯುತ್ತೇನೆ. ಮೊಮ್ಮಗಳು ಎದ್ದು ಆ ತೂತಿನಿಂದ ನನ್ನನ್ನೇ ದಿಟ್ಟಿಸಿ ನೋಡುತ್ತಾಳೆ. ಆ ಮುನ್ನೂರು ಕೋಟಿ ಅಕ್ಷರಗಳಲ್ಲಿ ಅಜ್ಜಿಯ ಕಣ್ಣು ಯಾವ ಸಾಲಿನಲ್ಲಿ ಬರೆದಿದೆಯೋ ನಾನರಿಯೆ. ಆದರೆ ಒಂದಕ್ಷರವೂ ತಪ್ಪಿಲ್ಲ.