ಕೆರೆ ಏರಿ ಮೇಲೆ ಮಿಲಿಟರಿ

ಸರ್ಕಾರಿ ನೌಕರನಿಗೆ ಅರವತ್ತಕ್ಕೆ ನಿವೃತ್ತಿ ಇದೆ. ಅವನು ಹೇಳಿದ ಸುಳ್ಳಿಗೆ ಇಲ್ಲ. ಇದೆಂಥ ಅನ್ಯಾಯ ಎಂದು ಲಕ್ಷ್ಮೀಶನಿಗೆ ಹೊಳೆದದ್ದು ಅರಸೀಕೆರೆಯ ತಾಲ್ಲೂಕು ಕಚೇರಿಯಿಂದ ಹಾರ ಹಾಕಿಸಿಕೊಂಡು ಮನೆಗೆ ಬಂದ ಹತ್ತನೇ ದಿನ, ಹಲ್ಲುಜ್ಜುತ್ತಿರುವಾಗ. ಹಾಸನದಲ್ಲಿ ನರ್ಸ್ ಆಗಿರುವ ಮಗಳು ಮಂಜುಳಾ ಫೋನ್ ಮಾಡಿದಳು.

“ಅಪ್ಪಾ, ನಿನ್ ಸಿನಿಮಾ ಸಿಕ್ತು!”

“ಯಾವ ಸಿನಿಮಾ?”

“‘ಮಾರಿಗಾಳಿ’ ಕಣಪ್ಪಾ! ಯಾರೋ ಪುಣ್ಯಾತ್ಮರು ಹಳೇ ರೀಲು ಹುಡುಕಿ ಯೂಟ್ಯೂಬಿಗೆ ಹಾಕಿದಾರೆ. ನಾನಿನ್ನೂ ನೋಡಿಲ್ಲ. ಭಾನುವಾರ ಬರ್ತೀನಿ, ಎಲ್ಲಾ ಒಟ್ಟಿಗೆ ಟೀವೀಲಿ ನೋಡೋಣ. ಸಾವಿತ್ರಮ್ಮ ಆಂಟಿಗೆ, ನಿಮ್ ಗಂಗಾಧರಪ್ಪ ಸಾಹೇಬ್ರಿಗೆ ಎಲ್ಲಾ ಹೇಳಾಯ್ತು. ಹಳೇಬೀಡಿಂದ ಉಮಾಶಂಕರ್ ಮಾಮನೂ ಬರ್ತಾರೆ!”

ಲಕ್ಷ್ಮೀಶನ ಬಾಯಲ್ಲಿದ್ದ ಪೇಸ್ಟಿನ ನೊರೆ ಅರ್ಧ ಹೊರಗೆ, ಅರ್ಧ ಹೊಟ್ಟೆಗೆ ಹೋಯಿತು.

ಮೂವತ್ತಾರು ವರ್ಷಗಳಿಂದ ಲಕ್ಷ್ಮೀಶ ‘ಮಾರಿಗಾಳಿ’ ಎಂಬ ಭಯಾನಕ ಚಿತ್ರದಲ್ಲಿ ಮಿಲಿಟರಿ ಮೇಜರ್ ಆಗಿದ್ದ. ಚಿತ್ರ ಅರಸೀಕೆರೆಯಲ್ಲಿ ಮೂರು ದಿನ ಓಡಿ, ಲಕ್ಷ್ಮೀಶನೂ ನೋಡುವ ಮೊದಲೇ ಎತ್ತಂಗಡಿಯಾಗಿ ಮತ್ತೆ ಎಲ್ಲೂ ಕಾಣಿಸಿಕೊಳ್ಳದ ಕಾರಣ ಆ ಪದವಿಗೆ ಯಾವ ಕುತ್ತೂ ಬಂದಿರಲಿಲ್ಲ. ಕಚೇರಿಯ ಟೀ ವೇಳೆಯಲ್ಲಿ, ಬಂಧುಗಳ ನಾಮಕರಣದಲ್ಲಿ, ಗೆಂಡೆಹಳ್ಳಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತರ ಮುಂದೆ, ಮೇಜರ್ ಊರಿಗೆ ಊರನ್ನೇ ಮುಚ್ಚಿ ಸೋಂಕನ್ನು ತಡೆದ ಕಥೆ ಪರಿಷ್ಕೃತ ಮುದ್ರಣಗಳನ್ನು ಕಾಣುತ್ತಲೇ ಇತ್ತು. ಮೊದಲ ಮುದ್ರಣದಲ್ಲಿ ಮೇಜರ್ ಆರು ರೋಗಿಗಳನ್ನು ಹೊಡೆದಿದ್ದ. ಈಚಿನದರಲ್ಲಿ ನಲವತ್ತೆರಡು.

ಕೊರೋನಾ ಬಂದಾಗಂತೂ ಕೇಳುವುದೇ ಬೇಡ. ಬೀದಿಯ ಎರಡೂ ತುದಿಗೆ ಗಳ ಕಟ್ಟಿದ ಆರೋಗ್ಯ ಇಲಾಖೆಯವರ ಎದುರು ನಿಂತು ಲಕ್ಷ್ಮೀಶ, “ನನಗೆ ಈ ವಿಷಯದಲ್ಲಿ ಅನುಭವ ಇದೆ,” ಎಂದಿದ್ದ. ಕೊರಳಿಗೊಂದು ಪೀಪಿ ಕಟ್ಟಿಕೊಂಡು ಬೀದಿಯನ್ನು ಕಾದ. ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಸ್ವಂತ ಹೆಂಡತಿ ರಮಾಳನ್ನೇ ತಡೆದು ನಿಲ್ಲಿಸಿ, “ಪಾಸ್ ಎಲ್ಲಿ?” ಎಂದು ಕೇಳಿದ.

“ಊಟಕ್ಕೆ ಬನ್ನಿ, ಕೊಡ್ತೀನಿ ಪಾಸು,” ಎಂದಳು ರಮಾ. (ಅವಳು ಪ್ರೈಮರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವಳ ಮುಂದೆ ಯಾವ ಸೈನ್ಯವೂ ಹೆಚ್ಚು ಹೊತ್ತು ನಿಲ್ಲದು.)

ಇನ್ನು ನಿಜ ಏನೆಂದರೆ, ಅವನು ಮೇಜರ್ ಆಗಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೆಂಟರ ಬೇಸಿಗೆಯಲ್ಲಿ ಇಂದ್ರೇಶ್ ಎಂಬ ನಿರ್ದೇಶಕ ಒಂದು ವ್ಯಾನು, ಒಂದು ಕ್ಯಾಮೆರಾ ಹಾಕಿಕೊಂಡು ಹಳೇಬೀಡಿಗೆ ಬಂದಿಳಿದ. ಊರಿಗೆ ವಿಚಿತ್ರ ರೋಗ ಬರುತ್ತದೆ, ರೋಗಿ ಕಚ್ಚಿದವನಿಗೂ ರೋಗ ಹಿಡಿಯುತ್ತದೆ, ಮಿಲಿಟರಿ ಬಂದು ಊರಿಗೆ ಬೀಗ ಹಾಕುತ್ತದೆ. ಇಷ್ಟೇ ಕಥೆ. ಭಾರತೀಯ ಸೇನೆಯಲ್ಲಿ ಒಟ್ಟು ಒಂಬತ್ತು ಜನ. ಆ ಒಂಬತ್ತು ಜನರೇ ಕ್ಯಾಮೆರಾದ ಮುಂದೆ ಮಾರ್ಚ್ ಮಾಡಿ, ಹಿಂದಿನಿಂದ ಓಡಿಬಂದು, ಮತ್ತೆ ಮಾರ್ಚ್ ಮಾಡಿ ದೊಡ್ಡ ಪಡೆಯಾಗುತ್ತಿದ್ದರು. ಕಾಲೇಜಿನಿಂದ ತಂದ ಎನ್‌ಸಿಸಿ ಬಟ್ಟೆ, ಮರದ ಬಂದೂಕು, ತಳ್ಳಿದರೆ ಮಾತ್ರ ಹೊರಡುವ ಜೀಪು. ರಕ್ತವೆಂದರೆ ಬೆಲ್ಲದ ಪಾಕಕ್ಕೆ ಕಲಸಿದ ಕುಂಕುಮ. ರೋಗಿಗಳ ಮುಖಕ್ಕೆ ಅಕ್ಕಿಹಿಟ್ಟು.

ಆಗ ತಾನೇ ಬಿ.ಎ. ಮುಗಿಸಿ ಕೆರೆ ಏರಿಯ ಮೇಲೆ ಕಾಲ ಕಳೆಯುತ್ತಿದ್ದ ಲಕ್ಷ್ಮೀಶ, ಗೆಳೆಯ ಉಮಾಶಂಕರನ ಜೊತೆ ಸೇನೆಗೆ ಸೇರಿದ. ಒಂದೇ ದಿನ. ಎರಡನೇ ದಿನ ಉಣ್ಣೆಯ ಕೋಟಿನೊಳಗೆ ಬಿಸಿಲು ತಡೆಯದೆ ತಲೆತಿರುಗಿ ಬಿದ್ದ. ಇಂದ್ರೇಶ್, “ಬೀಳೋದು ಚೆನ್ನಾಗಿ ಬರುತ್ತೆ ನಿನಗೆ,” ಎಂದು ಹೇಳಿ ಅವನ ಮುಖಕ್ಕೆ ಹಿಟ್ಟು ಬಳಿದು ಸೇನೆಯಿಂದ ರೋಗಕ್ಕೆ ವರ್ಗಾಯಿಸಿದ. ಮೇಜರ್ ಆಗಿದ್ದವನು ಬೆಂಗಳೂರಿನ ಯಾರೋ ಮೀಸೆಯ ನಟ.

ಮೂರನೇ ದಿನ ನಡೆದದ್ದನ್ನು ಲಕ್ಷ್ಮೀಶ ಯಾರಿಗೂ ಹೇಳಿರಲಿಲ್ಲ. ಅದು ಕ್ಯಾಮೆರಾಗೆ ಸಿಕ್ಕಿರಲಾರದು ಎಂಬುದೊಂದೇ ಧೈರ್ಯ. ಕಂಡವರಲ್ಲಿ ಈಗಲೂ ಬಂದುಹೋಗುತ್ತಿದ್ದವನು ಉಮಾಶಂಕರ್ ಒಬ್ಬ. ಅವನ ಬಾಯಿಗೆ ಇಷ್ಟು ವರ್ಷ, ಅರಸೀಕೆರೆಗೆ ಬಂದಾಗೆಲ್ಲ ಬಿಸಿ ಮಸಾಲೆ ದೋಸೆಯ ಬೀಗ ಬಿದ್ದಿತ್ತು.

ಭಾನುವಾರ ಹತ್ತಿರ ಬಂದಂತೆ ಲಕ್ಷ್ಮೀಶ ಸೋಂಕು ಹರಡದಂತೆ ಕ್ರಮ ಕೈಗೊಂಡ. ಮೊದಲು ಲೈನ್‌ಮನ್‌ಗೆ ಫೋನ್ ಮಾಡಿದ.

“ಭಾನುವಾರ ಮಧ್ಯಾಹ್ನ ಕರೆಂಟ್ ತೆಗೀತೀರೇನಪ್ಪಾ?”

“ಈ ಭಾನುವಾರ ಇಡೀ ದಿನ ಇರ್ತದೆ ಸಾರ್. ನೀವು ಧೈರ್ಯವಾಗಿರಿ.”

ಇದ್ದ ಅಲ್ಪಸ್ವಲ್ಪ ಧೈರ್ಯವೂ ಹೋಯಿತು. ಶನಿವಾರ ಟೀವಿಯ ರಿಮೋಟನ್ನು ಒಯ್ದು ರಾಗಿ ಹಿಟ್ಟಿನ ಡಬ್ಬಿಯ ತಳಕ್ಕೆ ಹೂತ. ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಬಂತು.

“ರೀ! ಹಿಟ್ಟಿನ ಡಬ್ಬೀಲಿ ರಿಮೋಟ್ ಬೆಳೆದಿದೆ. ನೀವು ಬಿತ್ತಿದ್ದಾ?”

“ಇಲಿ ಎಳ್ಕೊಂಡು ಹೋಗಿರ್ಬೇಕು.”

“ಎಳ್ಕೊಂಡು ಹೋಗಿ ಮುಚ್ಚಳ ಮುಚ್ಚಿತಾ?”

ಮಧ್ಯಾಹ್ನ ಮೂರಕ್ಕೆ ಹಜಾರ ತುಂಬಿತು. ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ತಂದೆ ಗಿಡ್ಡಯ್ಯನ ಪಟ. ಹಳೇ ಪಡಿತರ ಚೀಟಿಯ ಗುಂಪು ಫೋಟೋದಿಂದ ಹಿಗ್ಗಿಸಿದ್ದರಿಂದ ಅದರಲ್ಲಿ ಮೂಗು ಎಲ್ಲಿ ಮುಗಿದು ಮೀಸೆ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಅವನದೆಂದು ಉಳಿದಿದ್ದದ್ದು ಅದೊಂದೇ ಚಿತ್ರ. ಅದರ ಎದುರಿನ ಕುರ್ಚಿಯಲ್ಲಿ ಎಂಬತ್ತೆರಡರ ತಾಯಿ ಮುನಿಯಮ್ಮ. ಸೋಫಾದಲ್ಲಿ ಲಕ್ಷ್ಮೀಶನ ಹಳೆಯ ಮೇಲಧಿಕಾರಿ ಗಂಗಾಧರಪ್ಪ, ಪಕ್ಕದ ಮನೆಯ ಸಾವಿತ್ರಮ್ಮ, ದೋಸೆ ತಿಂದು ಬಂದಿದ್ದರೂ ಮುಖದಲ್ಲಿ ನಗು ತಡೆಯಲಾರದ ಉಮಾಶಂಕರ್.

ಚಿತ್ರ ಶುರುವಾಯಿತು. ಮೊದಲ ಅರ್ಧ ಗಂಟೆ ಯಾರೂ ಕಥೆಯನ್ನೇ ನೋಡಲಿಲ್ಲ. ತೆರೆಯ ಮೇಲೆ ರೋಗಿಗಳು ಕೈಚಾಚಿ ಬರುತ್ತಿದ್ದರೆ, ಹಳೇಬೀಡಿನಲ್ಲೇ ಹುಟ್ಟಿ ಬೆಳೆದ ಸಾವಿತ್ರಮ್ಮ, “ಅಯ್ಯೋ, ಆ ಕಚ್ಚಕ್ಕೆ ಬರ್ತಿರೋದು ನಮ್ಮ ಚಿಕ್ಕಮ್ಮನ ಮೈದುನ ಅಲ್ವಾ? ಎಷ್ಟ್ ತೆಳ್ಳಗಿದ್ರು, ಪಾಪ!” ಎಂದು ಕಣ್ಣರಳಿಸಿದರು. ಹೆಣಗಳು ಬಿದ್ದಿದ್ದ ಬೀದಿಯಲ್ಲಿ ಉಮಾಶಂಕರನಿಗೆ ಕಂಡದ್ದು ಸೋಡಾ ಅಂಗಡಿ. “ನೋಡ್ಲಾ, ಗೋಲಿ ಸೋಡಾ! ಹೆಂಚಿನ ಮನೆ ನೋಡ್ಲಾ, ಈಗ ಅಲ್ಲಿ ಮೂರಂತಸ್ತಿನ ಲಾಡ್ಜ್ ಐತೆ.” ಬಾಗಿಲ ತುಂಬ ಜನ ನೇತಾಡುವ ಕೆಂಪು ಬಸ್ಸು, ಬಟ್ಟೆ ಒಗೆಯುವ ಹೆಂಗಸರು, ಅಂಚಿನವರೆಗೂ ತುಂಬಿ ನಿಂತ ಕೆರೆ. ಹೆದರಿಸುವ ಸಿನಿಮಾ ನೋಡುತ್ತ ಎಲ್ಲರ ಕಣ್ಣೂ ತೇವವಾದದ್ದು ಪ್ರಾಯಶಃ ಅದೇ ಮೊದಲು. ಲಕ್ಷ್ಮೀಶ ಕೂಡ ತನ್ನ ಭಯ ಮರೆತು, ಏರಿಯ ಮೇಲಿದ್ದ ಆಲದ ಮರವನ್ನು ನೋಡುತ್ತ ಕೂತುಬಿಟ್ಟ.

ಆಗ ಜೀಪಿನಿಂದ ಮೇಜರ್ ಇಳಿದ. ದೊಡ್ಡ ಮೀಸೆ.

“ಮೀಸೆ ಅಂಟಿಸಿದ್ರಾ ನಿಮಗೆ?” ಎಂದರು ಗಂಗಾಧರಪ್ಪ.

“ಹ್ಞೂ... ಸ್ವಲ್ಪ.”

“ಎತ್ತರಾನೂ ಅಂಟಿಸಿದಾರೆ ಅನ್ನಿಸುತ್ತೆ.”

ಮಂಜುಳಾ ತಿರುಗಿ ನೋಡಿದಳು. “ಅಪ್ಪಾ, ಅದು ನೀನಲ್ಲ.”

“ಬಣ್ಣ ಹಚ್ಚಿದ್ರೆ ಹಾಗೇ ಕಾಣುತ್ತೆ,” ಎಂದು ಲಕ್ಷ್ಮೀಶ ಇನ್ನೂ ವಾಕ್ಯ ಮುಗಿಸಿರಲಿಲ್ಲ. ತೆರೆಯ ಮೇಲೆ ಅಕ್ಕಿಹಿಟ್ಟಿನ ಮುಖದ ಒಬ್ಬ ಬಡಕಲು ಯುವಕ ತೂರಾಡುತ್ತ ಏರಿಯ ಮೇಲೆ ಬಂದ. ಮೇಜರ್ ಢಂ ಎಂದು ಗುಂಡು ಹಾರಿಸಿದ. ಯುವಕ ಬಿದ್ದು ಸತ್ತ. ಸತ್ತ ಮೇಲೆ, ಬೆಲ್ಲದ ರಕ್ತಕ್ಕೆ ಮುತ್ತಿದ ನೊಣವನ್ನು ಕೈಯೆತ್ತಿ ಓಡಿಸಿದ. ಆಮೇಲೆ ಕಿವಿ ಕೆರೆದುಕೊಂಡ. ಆಮೇಲೆ ಮತ್ತೆ ಸತ್ತ.

ಸಾವಿತ್ರಮ್ಮನ ನಗು ಸಿಡಿಯಿತು. ಗಂಗಾಧರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. “ಮೂವತ್ತು ವರ್ಷ ನಿಮ್ಮ ರಜೆ ಅರ್ಜಿಗೆಲ್ಲಾ ‘ಮೇಜರ್ ಸಾಹೇಬ್ರು’ ಅಂತ ಮರ್ಯಾದೆ ಕೊಟ್ಟು ಸಹಿ ಮಾಡಿದೆನಲ್ರೀ!”

ಲಕ್ಷ್ಮೀಶ ರಿಮೋಟಿಗೆ ಕೈಚಾಚಿದ. ಅದು ರಮಾಳ ಕೈಯಲ್ಲಿತ್ತು. “ಕೂತ್ಕೊಳ್ರೀ,” ಎಂದಳು. ದನಿ ಗಟ್ಟಿಯಿರಲಿಲ್ಲ. “ಇನ್ನೂ ಇದೆ.”

ತೆರೆಯ ದೂರದ ಅಂಚಿನಲ್ಲಿ, ಏರಿಯ ಮೇಲೆ, ಒಬ್ಬ ಮನುಷ್ಯ ಓಡಿಬರುತ್ತಿದ್ದ. ಮೊಣಕಾಲಿಗೆ ಕಟ್ಟಿದ ಪಂಚೆ, ತಲೆಗೆ ಟವಲು, ಕೈಯಲ್ಲಿ ಕೋಲು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿ ಗಿಡ್ಡಯ್ಯ. ಭಾರತೀಯ ಸೇನೆಯ ಇಬ್ಬರು ಅವನನ್ನು ತಡೆದರು (ಒಬ್ಬ ಉಮಾಶಂಕರ್). ಅವನು ಕೋಲಿನಿಂದ ಇಬ್ಬರನ್ನೂ ಇಬ್ಬದಿಗೆ ತಳ್ಳಿದ.

ಆ ದಿನ ಸದ್ದು ಹಿಡಿದಿರಲಿಲ್ಲವೇನೋ, ಅವನ ತುಟಿ ಅಲುಗುತ್ತಿದ್ದರೂ ಕೇಳುತ್ತಿದ್ದದ್ದು ಪಿಟೀಲು ಮಾತ್ರ. ಆದರೆ ಮುನಿಯಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತೆರೆಯ ತುಟಿಗೆ ಸರಿಯಾಗಿ ಅವಳ ತುಟಿ ಆಡತೊಡಗಿತು.

“‘ನನ್ ಕೆರೆ ಏರಿ ಮ್ಯಾಲೆ ನನ್ನೇ ತಡೀತೀರೇನ್ಲಾ!’ ...ಹಂಗಂತಾವ್ರೆ ಕಣ್ರವ್ವಾ. ‘ಯಾವನ್ಲಾ ಅವ್ನು ನನ್ ಮಗನ್ಗೆ ಹೊಡ್ದೋನು!’”

ಮೀಸೆಯ ಮೇಜರ್ ಗಾಬರಿಯಲ್ಲಿ ಜೀಪಿನ ಹಿಂದೆ ಸರಿದ. ಗಿಡ್ಡಯ್ಯ ಕೋಲು ಬಿಸಾಡಿ ಮಂಡಿಯೂರಿದ. ಸತ್ತವನ ತಲೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ. ತಲೆಯ ಟವಲು ಕಿತ್ತು ರಕ್ತ ಒರೆಸಿದ. ಆಗ ಕ್ಯಾಮೆರಾ ಅವನ ಮುಖದ ಹತ್ತಿರ ಬಂತು. ಮೂಗು, ಮೀಸೆ, ಹಣೆಯ ಗೆರೆ ಎಲ್ಲ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕಂಡವು. ಅವನು ಅಳುತ್ತಿದ್ದ.

ಮುನಿಯಮ್ಮನ ದನಿ ಇಳಿಯಿತು. “‘ಲಕ್ಷ್ಮೀಸಾ... ಏಳಪ್ಪಾ... ಇನ್ಮ್ಯಾಕೆ ಬೈಯಕಿಲ್ಲ ಕಣ್ಲಾ ನಿನ್ನ... ಏಳು ಮಗಾ.’”

ಲಕ್ಷ್ಮೀಶ ಅಲುಗಾಡದೆ ನೋಡಿದ. ಆವತ್ತು ಇಂದ್ರೇಶ್ “ಏನೇ ಆದ್ರೂ ಕಣ್ಣು ಬಿಡಬೇಡ” ಎಂದಿದ್ದ. ಅವನು ಬಿಟ್ಟಿರಲಿಲ್ಲ. ಮಾತು ಕೇಳಿತ್ತು; ಆದರೆ ಊಟ ಮಾಡಿದೆಯಾ ಎಂದೂ ಕೇಳದ ಅಪ್ಪ ಹೀಗೆಲ್ಲ ಅನ್ನುವುದುಂಟೇ, ಬಿಸಿಲಿಗೆ ಕಿವಿ ಗುಂಯ್ ಅನ್ನುತ್ತಿದೆ ಎಂದುಕೊಂಡಿದ್ದ. ಮುಖವನ್ನಂತೂ ನೋಡಿರಲೇ ಇಲ್ಲ. ಆಮೇಲಿನದಷ್ಟೇ ಅವನಿಗೆ ಗೊತ್ತಿದ್ದದ್ದು.

ಆಮೇಲಿನದೂ ಬಂತು. ಗಿಡ್ಡಯ್ಯ ಕೈಗೆ ಅಂಟಿದ ರಕ್ತವನ್ನು ನೋಡಿದ. ಮೂಸಿದ. ನಾಲಿಗೆಯ ತುದಿಗೆ ಮುಟ್ಟಿಸಿದ. ಬೆಲ್ಲ! ಮುಖದ ಮೇಲಿನ ದುಃಖ ಹೋಗಿ ಅಲ್ಲಿಗೆ ಬೇರೇನೋ ಬಂತು. ಮುಂದಿನ ಕ್ಷಣ ಹೆಣದ ಕಿವಿ ಅವನ ಮುಷ್ಟಿಯಲ್ಲಿತ್ತು. ಹೆಣ “ಅಯ್ಯಪ್ಪಾ” ಎಂಬಂತೆ ಬಾಯಿ ಬಿಟ್ಟು ಎದ್ದು, ಹಿಟ್ಟು ಉದುರಿಸುತ್ತ, ಅಪ್ಪನ ಹಿಂದೆ ಕಿವಿ ಹೋದ ಕಡೆಗೆಲ್ಲ ಓಡಿತು. ಇದನ್ನು ಕಥೆಗೆ ಹೊಂದಿಸಲು ಇಂದ್ರೇಶ್ ಪಟ್ಟ ಪಾಡು ಅಷ್ಟಿಷ್ಟಲ್ಲ: ಜೀಪಿನ ಹಿಂದಿನಿಂದ ಮೇಜರನ ದನಿ, “ಅಯ್ಯೋ! ಹೆಣಗಳೂ ಏಳುತ್ತಿವೆ! ಸೋಂಕು ಕೈಮೀರಿತು!” ಎಂದು ಗುಡುಗಿತು.

ಹಜಾರದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಉಮಾಶಂಕರ್ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. “ಸೈನ್ಯಾನೇ ಸೋಲಿಸ್ಬುಟ್ಟ ಕಣ್ಲಾ ನಿಮ್ಮಪ್ಪ. ಆ ಕೋಲಿನೇಟು ನನ್ ಪಕ್ಕೇಲಿ ಇನ್ನೂ ಐತೆ.”

ಬಂದವರು ಕಾಫಿ ಕುಡಿದು, ‘ಹೆಣ’ದ ಬೆನ್ನು ತಟ್ಟಿ ಹೊರಟರು. ಲಕ್ಷ್ಮೀಶ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ರಮಾ ಲೋಟ ತೊಳೆಯುತ್ತಿದ್ದಳು.

“ನಿನಗೆ ಸುಳ್ಳು ಹೇಳ್ಬಾರ್ದಿತ್ತು. ಮೇಜರ್ ಅಂತ.”

“ನನಗೇನೂ ಹೇಳಿಲ್ಲ ಬಿಡಿ ನೀವು. ನಾನು ಈ ಸಿನಿಮಾನ ಆವಾಗ್ಲೇ ನೋಡಿದ್ದೆ.”

“ಎಲ್ಲಿ?”

“ಇಲ್ಲೇ. ಟೀಚರ್ ಆಗಕ್ಕೆ ಟಿಸಿಎಚ್ ಓದ್ತಿದ್ನಲ್ಲ, ಹಾಸ್ಟೆಲ್ ಹುಡುಗೀರೆಲ್ಲಾ ಹೋಗಿದ್ವಿ. ನೀವು ಕಣಕಟ್ಟೆಗೆ ಹೆಣ್ಣು ನೋಡಕ್ಕೆ ಬಂದಾಗ, ಬಾಗಿಲಲ್ಲಿ ಚಪ್ಪಲಿ ಬಿಡೋವಾಗ್ಲೇ ಗುರುತು ಸಿಕ್ತು. ಕಿವಿ ಕೆರಕೊಳ್ಳೋ ಹೆಣ. ಒಳಗೆ ಬಂದು ಕೂತು ನಮ್ಮಪ್ಪನ ಮುಂದೆ ಮೇಜರ್ ಅಂದ್ರಿ. ಒಳಗಡೆ ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡೆ.”

ಲಕ್ಷ್ಮೀಶನಿಗೆ ಮೈಯೆಲ್ಲ ಬಿಸಿಯಾಯಿತು; ಹಿಂದೆಯೇ, ಇಷ್ಟೆಲ್ಲ ತಿಳಿದೂ ಒಪ್ಪಿದಳಲ್ಲ ಎಂದು ಎದೆ ಒಂದಿಷ್ಟು ಉಬ್ಬಿತು.

“ಮತ್ತೆ... ಯಾಕೆ ಒಪ್ಪಿಕೊಂಡೆ?”

ರಮಾ ಲೋಟ ಬೋರಲು ಹಾಕಿದಳು. “ನಿಮ್ಮ ಪಕ್ಕದಲ್ಲಿ ಮಾವ ಕೂತಿದ್ರು. ನಿಮ್ಮ ಸುಳ್ಳು ಕೇಳಿಯೂ ಮಗನ ಮಾನ ಕಳೀಲಿಲ್ಲ. ಏರಿ ಮೇಲೆ ಓಡಿಬಂದೋರು. ಮಗ ಹೆಂಗಾದ್ರೂ ಇರ್ಲಿ, ಈ ಮನುಷ್ಯನ ಮನೆಗೆ ಸೊಸೆಯಾಗಿ ಹೋಗ್ಬೇಕು ಅನ್ನಿಸ್ತು. ಹೋದೆ.”

ಉಬ್ಬಿದ ಎದೆ ಇದ್ದಲ್ಲೇ ನಿಂತಿತು. ಅಷ್ಟರಲ್ಲಿ ಹಜಾರದಿಂದ ಮುನಿಯಮ್ಮ ಕೂಗಿದಳು.

“ಮಂಜೀ, ಇನ್ನೊಂದ್ಸಲ ಹಾಕವ್ವಾ. ನಿಮ್ ತಾತ ಓಡ್ಬತ್ತಾರಲ್ಲ, ಅಲ್ಲಿಂದ.”

ಮಂಜುಳಾ ಹಾಕಿದಳು. ಗಿಡ್ಡಯ್ಯ ಓಡಿಬಂದ, ಅತ್ತ, ಬೆಲ್ಲ ನೆಕ್ಕಿದ, ಮಗನ ಕಿವಿ ಹಿಂಡಿದ. ಮುನಿಯಮ್ಮ ಒಂದಕ್ಷರ ಬಿಡದೆ ಅವನ ಮಾತು ಒದಗಿಸಿದಳು. ಮತ್ತೆ ಹಾಕು ಎಂದಳು. ಮಂಜುಳಾ ಹಾಸನದ ಬಸ್ಸಿಗೆ ಹೊತ್ತಾಯಿತೆಂದು ಹೊರಡುವ ಹೊತ್ತಿಗೆ ಲಕ್ಷ್ಮೀಶನನ್ನು ಅವನ ಸ್ವಂತ ಹಜಾರದಲ್ಲಿ, ಹೆಂಡತಿ ಮಗಳ ಎದುರು, ಆರು ಸಲ ಕಿವಿ ಹಿಡಿದು ಎಳೆದೊಯ್ದಾಗಿತ್ತು.

ಏಳನೇ ಸಲ ರಿಮೋಟ್ ಒತ್ತಿದವನು ಅವನೇ.