ಆರಿಫ ಮಾಸ್ತರ ಗಾಡಿಗೆ ಗುಳ್ಳೆ ಎದ್ದದ್ದು

“ಈ ಸಲ ನಿನ್ನ ತವರಮನಿಗೆ ಬಸ್ಸಿನ್ಯಾಗ ಹೋದ್ರ ನನ್ನ ಹೆಸರು ಆರಿಫ ಅಲ್ಲ!”

ಇಂಡಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಆರಿಫ ಮಾಸ್ತರು ಹೆಂಡತಿ ಮೆಹನಾಜಳ ಎದುರು ಹೀಗೆ ಶಪಥ ಮಾಡಿದವರೇ, ಝಳಕಿಗೆ ಹೋಗಿ ಒಂದು ಹಳೆಯ ಕೆಂಪು ಮೋಟರ್‌ಸೈಕಲ್ಲನ್ನು ಮನೆಗೆ ತಂದರು. ಶಪಥಕ್ಕೆ ಕಾರಣವಿತ್ತು. ಮೆಹನಾಜಳ ತವರು ತಂಗಡಗಿ. ಅಲ್ಲಿಗೆ ಮುಟ್ಟಬೇಕೆಂದರೆ ಬಸವನ ಬಾಗೇವಾಡಿಯಲ್ಲೊಮ್ಮೆ ಇಳಿ, ಮುದ್ದೇಬಿಹಾಳದಲ್ಲೊಮ್ಮೆ ಇಳಿ. ಪ್ರತಿ ಸಲವೂ ಊಟದ ಪಂಕ್ತಿ ಎದ್ದ ಮೇಲೆಯೇ ಇವರ ದರ್ಶನ! ಹೋದ ಸಲವಂತೂ ಅತ್ತೆ ಖಾತುನಬಿ ನಾಲ್ಕು ಮಂದಿಯ ಎದುರೇ, “ನಮ್ಮ ಅಳ್ಯಾ ಬರೂತನಕ ಕಾದ್ರ ಅನ್ನದ ಅಗಳ ಒಣಗತಾವ್ರಿ,” ಎಂದು ನಕ್ಕುಬಿಟ್ಟಿದ್ದರು. ಆ ನಗು ಮಾಸ್ತರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಬರುವ ರವಿವಾರ ನಾದಿನಿ ಫಿರದೋಸಳ ನಿಕಾಹ್. ಅಂದು ಥಳಥಳಿಸುವ ಕೆಂಪು ಗಾಡಿಯನ್ನು ಅತ್ತೆಯ ಅಂಗಳಕ್ಕೇ ನುಗ್ಗಿಸಬೇಕು! ಮಾಸ್ತರ ಮಾನಮರ್ಯಾದೆಯೆಲ್ಲ ಈಗ ಆ ಗಾಡಿಯ ಬಣ್ಣದಲ್ಲಿತ್ತು.

ಸೋಮವಾರ ಮೆಹನಾಜ ಗಾಡಿಯನ್ನು ತೊಳೆದು ನಿಲ್ಲಿಸಿದಳು. ಪಕ್ಕದ ಮನೆಯ ಪರಶು ಅದರ ಸುತ್ತ ಮೂರು ಸಲ ತಿರುಗಿ, “ಏನ್ ಬಣ್ಣ ಐತ್ರಿ ಸರ! ಹಣ್ಣಮೆಣಸಿನಕಾಯಿ ಆದಂಗ ಆಗೈತಿ!” ಎಂದ. ಮಂಗಳವಾರ ಬೆಳಿಗ್ಗೆ ನೋಡಿದರೆ ಪೆಟ್ರೋಲ್ ಟಾಕಿಯ ಬಲಮಗ್ಗುಲಲ್ಲಿ ಬಣ್ಣ ಹಪ್ಪಳದಂತೆ ಗುಳ್ಳೆ ಎದ್ದಿತ್ತು!

“ಪರಶುನ ನೆದರ ಬಿದ್ದೈತ್ರಿ,” ಎಂದಳು ಮೆಹನಾಜ.

“ಸೈನ್ಸ್ ಮಾಸ್ತರನ ಹೆಂಡತಿಯಾಗಿ ನೆದರ, ದೃಷ್ಟಿ ಅಂತಿಯಲ್ಲ! ನಿನ್ನಿ ಬೋರಿನ ಸವಳ ನೀರ ಹಾಕಿ ತೊಳದಿ ನೋಡು, ಅದ ಬಣ್ಣಾ ತಿಂದೈತಿ. ಇನ್ನ ಮ್ಯಾಲ ಈ ಗಾಡಿಗೆ ಒಂದ್ ಹನಿ ನೀರ ಸೋಕಬಾರದು!”

ನೀರು ಬಂದ್ ಆಯಿತು. ಮಾಸ್ತರು ಒಣಬಟ್ಟೆ ಹಿಡಿದು ಟಾಕಿಯನ್ನು ಒರೆಸಿದರು. ಏನೋ ಜಿಡ್ಡು ಜಿಡ್ಡು. ಒರೆಸಿದಷ್ಟೂ ಗುಳ್ಳೆ ಹಬ್ಬಿತು, ಬಣ್ಣ ಬಟ್ಟೆಗೆ ಬಂತು. ಪೇಟೆಗೆ ಓಡಿ ಸ್ಪ್ರೇ ಪೇಂಟಿನ ಡಬ್ಬಿ ತಂದು ಫುಸ್ಸೆಂದು ಹೊಡೆದರು. ಸಂಜೆಗೆ ಮಿರಿಮಿರಿ! ಬೆಳಿಗ್ಗೆಗೆ ಮುದುಕಿಯ ಗಲ್ಲದಂತೆ ಸುಕ್ಕು! “ಡಬ್ಬಿ ಡುಪ್ಲಿಕೇಟ್ ಐತಿ,” ಎಂದು ಅಂಗಡಿಯವನೊಡನೆ ಜಗಳಾಡಿ ಬೇರೆ ಡಬ್ಬಿ ತಂದರು. ಅದೂ ಸುಕ್ಕು!

ಬಿಸಿಲೇ? ಗಾಡಿ ನಿಂತದ್ದು ಪಡಸಾಲೆಯ ನೆರಳಿನಲ್ಲಿ. ಬೆಕ್ಕು ಹೊಲಸು ಮಾಡಿತೇ? ಓಣಿಯಲ್ಲೇ ಬೆಕ್ಕಿಲ್ಲ. ಮಾಸ್ತರು ಹತ್ತನೆಯ ಇಯತ್ತೆಯ ವಿಜ್ಞಾನದ ಪುಸ್ತಕವನ್ನೇ ತಿರುವಿ ಹಾಕಿದರು. ಆಮ್ಲ, ಪ್ರತ್ಯಾಮ್ಲ, ಲವಣ ಎಲ್ಲ ಇತ್ತು. ಝಳಕಿಯ ಮೋಟರ್‌ಸೈಕಲ್ ಮಾತ್ರ ಇರಲಿಲ್ಲ.

“ಮೆಕ್ಯಾನಿಕ್ ಸಿಕಂದರಗ ಒಮ್ಮಿ ತೋರಸ್ರಲಾ ಸರ,” ಎಂದ ಪರಶು.

“ಬಣ್ಣಾ ಹೋದ್ರ ಮೆಕ್ಯಾನಿಕ್ ಏನ್ ಮಾಡ್ತಾನೋ? ಎಂಜಿನ್ ಗಟ್ಟಿಮುಟ್ಟ ಐತಿ!” ಎಂದ ಮಾಸ್ತರು, ಮಾತಾಡುತ್ತಲೇ ಅವನಿಗೂ ಗಾಡಿಗೂ ನಡುವೆ ಅಡ್ಡ ನಿಂತರು. ನೆದರನ್ನು ಅವರು ನಂಬುತ್ತಿರಲಿಲ್ಲ. ಸುಮ್ಮನೆ ನಿಂತರು, ಅಷ್ಟೇ!

ಗುರುವಾರ ಮೂರನೆಯ ಬಾರಿ ಬಣ್ಣ ಹೊಡೆದು, ಅದು ಒಣಗುವ ಪುರುಸೊತ್ತಿಲ್ಲದೆ, “ಧೂಳ ಕೂಡಬಾರದು, ಒಂದ್ ಕೌದಿ ಕೊಡು,” ಎಂದರು. ಮನೆಯಲ್ಲಿ ಇದ್ದದ್ದು ಒಂದೇ ಕೌದಿ. ಮೆಹನಾಜಳ ಮದುವೆಗೆಂದು ಖಾತುನಬಿ ತಮ್ಮ ಹಳೆಯ ಸೀರೆಗಳನ್ನು ಪದರ ಪದರ ಕೂಡಿಸಿ, ಸಾಲು ಸಾಲು ಕೈಹೊಲಿಗೆ ಹಾಕಿ ಕೊಟ್ಟದ್ದು.

“ಅದು ಅವ್ವ ಹೊಲದದ್ರಿ!”

“ಗಾಡಿ ಯಾರ ಮುಂದ ಮೆರಸಾಕ? ನಿಮ್ಮವ್ವನ ಮುಂದ ಅಲ್ಲೇನ? ತಾ ಇಲ್ಲಿ!”

ಹ್ಯಾಂಡಲ್ಲಿನಿಂದ ಟಾಕಿಯ ತನಕ ಕೌದಿ ಹೊದಿಸಿ, ಹಗ್ಗ ಬಿಗಿದು ಗಂಟು ಹಾಕಿದರು. ಎರಡು ದಿನ ಸಾಲೆಗೆ ನಡೆದೇ ಹೋದರು.

ಶನಿವಾರ ಸಂಜೆ ಹಗ್ಗ ಬಿಚ್ಚಿ ಕೌದಿಯನ್ನು ಎಳೆದರೆ ಬರಲೊಲ್ಲದು! ಜಗ್ಗಿದರು. ಚರ್ರೆಂದು ಬಂತು, ಬಣ್ಣದ ಸಮೇತ. ಕೌದಿ ಎಣ್ಣೆಯಲ್ಲಿ ಅದ್ದಿದಂತೆ ತೊಯ್ದು ಕೆಂಪು ಕೆಂಪು. ಟಾಕಿಯ ಮೇಲೆ ಹೊಲಿಗೆಯ ಸಾಲುಗಳೆಲ್ಲ ಒತ್ತಿಕೊಂಡು ಅಚ್ಚು ಮೂಡಿತ್ತು. ಮೆಹನಾಜ ಕೌದಿಯನ್ನು ಮಡಿಲಿಗೆಳೆದುಕೊಂಡು ಕುಳಿತಳು. ಅವಳ ಕಣ್ಣಲ್ಲಿ ನೀರು ಕಂಡದ್ದೇ ಮಾಸ್ತರ ವಿಜ್ಞಾನವೆಲ್ಲ ಇಳಿದುಹೋಯಿತು. ಓಡಿಹೋಗಿ ಸಿಕಂದರನನ್ನು ಕರೆತಂದರು.

ಸಿಕಂದರ ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಲಗೈ ಬ್ರೇಕ್ ಹಿಡಿದ. ಅದು ಬೆಣ್ಣೆಯಂತೆ ಮೆತ್ತಗೆ ಹ್ಯಾಂಡಲ್ಲಿಗೆ ಹೋಗಿ ಅಂಟಿತು.

“ಸರ, ಬ್ರೇಕ್ ಎಲ್ಲೈತ್ರಿ?”

“ಬ್ರೇಕಿಂದು ಆಮ್ಯಾಲ. ಮದ್ಲ ಬಣ್ಣದ್ದ ಹೇಳೋ ಮಾರಾಯಾ!”

“ಬಣ್ಣದ್ದ ಹೇಳಾಕತ್ತೇನ್ರಿ.” ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ತಳ ಕಾಣುತ್ತಿತ್ತು. “ರಬ್ಬರ್ ವಾಶರ್ ಸವದು ಬ್ರೇಕ್ ಆಯಿಲ್ ಹನಿ ಹನಿ ಟಾಕಿ ಮ್ಯಾಲ ಸೋರೈತಿ. ಅದು ಬಿದ್ದಲ್ಲಿ ಎಂಥಾ ಬಣ್ಣಾನೂ ಉಳಿಯೂದಿಲ್ಲ. ಕೌದಿ ಬ್ಯಾರೆ ಕಟ್ಟಿ ಅದನ್ನ ಅಲ್ಲೇ ಹಿಡಿದಿಟ್ಟೀರಿ. ಬಿದ್ದ ಕೂಡ್ಲೆ ಒಂದ್ ತಂಬಗಿ ನೀರ ಹಾಕಿದ್ರ ತೊಳದ ಹೋಗ್ತಿತ್ತು.”

ನೀರು! ಮೆಹನಾಜ ಗಂಡನನ್ನು ನೋಡಿದಳು. ಮಾಸ್ತರು ಮಾಡಿನ ಜಂತಿಗಳನ್ನು ಎಣಿಸತೊಡಗಿದರು.

“ನಾ ಕಾಲಿನ ಬ್ರೇಕ್ ಅಷ್ಟ ಒತ್ತತೇನಿ, ಗೊತ್ತಾಗಲಿಲ್ಲ,” ಎಂದು ತೊದಲಿದರು.

“ನಸೀಬ ಚಲೋ ಐತ್ರಿ. ನಾಳೆ ಅಕ್ಕಾರನ ಹಿಂದ ಕುಂದ್ರಿಸ್ಕೊಂಡು, ಲಾರಿ ಎದುರ ಬಂದಾಗ ಈ ಬ್ರೇಕ್ ಹಿಡದಿದ್ರ?”

ಮಾಸ್ತರು ತಾವೇ ಆ ಬ್ರೇಕನ್ನು ಒಮ್ಮೆ ಹಿಡಿದು ನೋಡಿದರು.

“ನಾಕ ದಿನದಿಂದ ಗಾಡಿ ಬಾಯಿ ಬಿಟ್ಟು ಹೇಳಾಕತ್ತೈತಿ,” ಎಂದಳು ಮೆಹನಾಜ, “ನೀವು ಬಣ್ಣಾ ಬಡದು ಬಡದು ಅದರ ಬಾಯಿ ಮುಚ್ಚೀರಿ!”

ಸಿಕಂದರ ವಾಶರ್ ಬದಲಿಸಿ, ಹೊಸ ಆಯಿಲ್ ತುಂಬಿ, ಬ್ರೇಕಿನ ಪೈಪಿನೊಳಗಿನ ಗಾಳಿ ತೆಗೆದು, ಬ್ರೇಕನ್ನು ಕಲ್ಲಿನಂತೆ ಗಟ್ಟಿ ಮಾಡಿಕೊಟ್ಟ. ಬಣ್ಣಕ್ಕೆ ಮಾತ್ರ ನಾಲ್ಕು ದಿನ ಬೇಕೆಂದ. ಬೆಳಗಾದರೆ ನಿಕಾಹ್!

“ಬಣ್ಣಾ ಇಲ್ಲಂದ್ರ ಇಲ್ಲ, ಬ್ರೇಕ್ ಐತಲ್ಲ, ನಡೀರಿ,” ಎಂದಳು ಮೆಹನಾಜ. “ಆದ್ರ ಕೌದಿದು ಅವ್ವನ ಮುಂದ ತುಟಿ ಪಿಟಕ್ ಅನಬ್ಯಾಡ್ರಿ. ಆಣಿ ಮಾಡ್ರಿ!”

ಮಾಸ್ತರು ಆಣೆ ಮಾಡಿದರು.

ರವಿವಾರ ಇವರೇ ಎಲ್ಲರಿಗಿಂತ ಮೊದಲು ಮುಟ್ಟಿದರು! “ಬರ್ರಿ ಬರ್ರಿ, ಅಳ್ಯಾರು ಗಾಡಿ ತಗೊಂಡ್ರೇನು!” ಎಂದು ಖಾತುನಬಿ ಹಿಗ್ಗಿನಿಂದ ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಟಾಕಿಯ ಹತ್ತಿರ ನಿಂತರು.

“ಹೊಸಾ ಡಿಸೈನ್ ರಿ ಅತ್ತಿ,” ಎಂದರು ಮಾಸ್ತರು ಗಡಿಬಿಡಿಯಿಂದ, “ಈಗ ಹಿಂಗ ಫ್ಯಾಶನ್ ಐತಿ!”

ಖಾತುನಬಿ ಚಷ್ಮಾ ಏರಿಸಿ ಬಗ್ಗಿದರು. ಟಾಕಿಯ ಮೇಲೆ ಬೆರಳಾಡಿಸುತ್ತ ಎಣಿಸಿದರು: “ಸುತ್ತ ಏಳ ಸಾಲು. ಮೂಲ್ಯಾಗ ಗುಬ್ಬಿಕಾಲಿನ ಹೊಲಿಗಿ.” ಆಮೇಲೆ ನಿಧಾನವಾಗಿ ತಲೆ ಎತ್ತಿದರು. “ಎರಡ ವರ್ಷ ಕುಂತ ಹೊಲದೇನಿ ಮೆಹನಾಜ, ನನ್ನ ಕೈಹೊಲಿಗಿ ನನಗ ಗುರ್ತ ಸಿಗೂದಿಲ್ಲೇನು? ನನ್ನ ಕೌದಿ ಎಲ್ಲೈತಿ?”

ಮಾಸ್ತರು ಆಣೆಗೆ ಬದ್ಧರಾಗಿ ತುಟಿ ಬಿಗಿಹಿಡಿದು ನಿಂತರು. ಮೆಹನಾಜ ಸೆರಗು ಸರಿಮಾಡಿಕೊಂಡು, ಸರಸರನೆ ಒಳಗೆ ನಡೆಯುತ್ತ ಹೇಳಿದಳು:

“ಇವರನ್ನ ಕೇಳವ್ವಾ. ಸೈನ್ಸ್ ಎಲ್ಲಾ ಇವರಿಗೇ ಗೊತ್ತು!”